ಗಾಡಿ ಸೋರಿತು, ರಾಚಮ್ಮ ಹೋದಳು

ವಾಸನೆ ರಾಚಮ್ಮನದಲ್ಲ, ನಮ್ಮ ಮನೆಯದು. ನಡೆದದ್ದು ಇಷ್ಟೇ. ನಮ್ಮ ಚಿಕ್ಕಪ್ಪನ ಮೋಟಾರ್ ಸೈಕಲ್ಲಿನ ಕಾರ್ಬೊರೇಟರ್ ಸೋರುತ್ತಿತ್ತು, ಆ ಪೆಟ್ರೋಲಿನ ವಾಸನೆ ಟೀ ಎಲೆಗೆ ಹತ್ತಿತು, ಎಲೆ ಕೀಳುತ್ತಿದ್ದ ರಾಚಮ್ಮನನ್ನು ನಾವು ಕೆಲಸ ಬಿಡಿಸಿದೆವು. ಇದು ತಿಳಿಯಲು ನಾನು ಮುದುಕಿಯಾಗಬೇಕಾಯಿತು. ಅದೂ ನನ್ನ ಬುದ್ಧಿಯಿಂದ ತಿಳಿದದ್ದಲ್ಲ. ಮೊಮ್ಮಗಳು ಕವಿತಾ ನಾನು ಮಾಡಿಕೊಟ್ಟ ಟೀಯನ್ನು ಬಚ್ಚಲಿಗೆ ಉಗಿದ ಮೇಲೆ ತಿಳಿದದ್ದು.

ಕವಿತಾಳನ್ನು ಕೂನೂರಿನ ಹತ್ತಿರ ಅರವಂಕಾಡಿಗೆ ಕೊಟ್ಟಿದ್ದೇವೆ. ಈಗ ಬಸುರಿ. ಬಸುರಿಯ ಮೂಗು ಅಂದರೆ ನಿಮಗೂ ಗೊತ್ತು, ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಹೊಟ್ಟೆ ತೊಳಸುತ್ತದೆ. ಬಂದವಳು ಬಾಗಿಲಲ್ಲೇ ಸೆರಗನ್ನು ಮೂಗಿಗೆ ಹಿಡಿದಳು. ಚಳಿಗೆ ಇರಬೇಕು ಅಂದುಕೊಂಡೆ. ಟೀ ಕೊಟ್ಟೆ. ಒಂದು ಗುಟುಕು ಕುಡಿದು ಬಚ್ಚಲಿಗೆ ಓಡಿದಳು.

"ಅಯ್ಯೋ ಅಜ್ಜೀ, ಏನು ಹಾಕಿದ್ದೀರ ಇದಕ್ಕೆ? ಪೆಟ್ರೋಲ್ ನಾತ!"

"ನಿನ್ನ ತಲೆ. ಟೀಗೆ ಯಾರಾದರೂ ಪೆಟ್ರೋಲ್ ಹಾಕ್ತಾರೇನೆ?"

"ಟೀ ಒಂದೇ ಅಲ್ಲ, ಮನೆಯೆಲ್ಲ ನಾರ್ತಿದೆ. ನಿಮ್ಮ ಸೀರೆ, ಈ ಚಾಪೆ, ಎಲ್ಲ. ನಿಮಗೆ ಬರ್ತಾ ಇಲ್ವಾ?"

ಬರುತ್ತಿರಲಿಲ್ಲ. ನಾನು ಸೆರಗು ಮೂಸಿದೆ. ಟೀಪುಡಿಯ ಡಬ್ಬಿ ತೆರೆದು ಮೂಗನ್ನು ಒಳಗೇ ಇಟ್ಟೆ. ಟೀಪುಡಿಯ ವಾಸನೆ ಬಿಟ್ಟು ಬೇರೇನೂ ಇಲ್ಲ. ಅವಳ ಅಣ್ಣ ಮಹೇಶ ನನ್ನ ಜೊತೆಯಲ್ಲೇ ಇರುವವನು, ಅವನೂ ಮೂಸಿ ನೋಡಿದ, ಅವನಿಗೂ ಇಲ್ಲ. ಕವಿತಾ ಬೆರಳು ತೋರಿಸಿದಳು. ಅಡುಗೆಮನೆಗೂ ಕಿತ್ತ ಟೀ ಎಲೆ ಹರಡುವ ಶೆಡ್ಡಿಗೂ ನಡುವಿನ ಓಣಿಯಲ್ಲಿ ಮಹೇಶನ ಗಾಡಿ ನಿಂತಿತ್ತು. ಹಳೇ ಗಾಡಿ. ಯಾರದೋ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ಆಸೆಪಟ್ಟು ತಂದು ಓಡಿಸುತ್ತಿದ್ದಾನೆ. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಮಗ್ಗು. ಮಗ್ಗಿನೊಳಗೆ ತೊಟ್, ತೊಟ್ ಅಂತ ಪೆಟ್ರೋಲ್ ಬೀಳುತ್ತಿತ್ತು. ಮಗ್ಗನ್ನು ಇಟ್ಟವಳು ನಾನೇ. ಚೆಲ್ಲಿ ಹಾಳಾಗಬಾರದು ಅಂತ.

ತಂಗಿಯ ಬೈಗುಳ ತಾಳಲಾರದೆ ಮಹೇಶ ಅವತ್ತೇ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಕಾರ್ಬೊರೇಟರ್ ಬಿಚ್ಚಿದ. ಅದು ದೊಡ್ಡ ಯಂತ್ರವೇನಲ್ಲ. ಟ್ಯಾಂಕಿನಿಂದ ಇಳಿದ ಪೆಟ್ರೋಲ್ ಇಂಜಿನ್ನಿಗೆ ಹೋಗುವ ಮುಂಚೆ ಕೊಂಚ ನಿಲ್ಲುವ ಬಟ್ಟಲು. ಬಟ್ಟಲಿನೊಳಗೆ ಗಾಳಿ ತುಂಬಿದ ಹಿತ್ತಾಳೆಯ ಪುಟ್ಟ ಡಬ್ಬಿಯೊಂದು ತೇಲುತ್ತಿರುತ್ತದೆ. ಪೆಟ್ರೋಲ್ ಏರಿದರೆ ಡಬ್ಬಿಯೂ ಏರಿ, ಒಂದು ಸೂಜಿಯನ್ನು ಮೇಲಕ್ಕೆ ದೂಡಿ ದಾರಿ ಮುಚ್ಚುತ್ತದೆ. ಡಬ್ಬಿ ತೂತಾದರೆ ಒಳಗೆ ಪೆಟ್ರೋಲ್ ತುಂಬಿ ಅದು ಮುಳುಗುತ್ತದೆ, ದಾರಿ ಮುಚ್ಚುವವರಿಲ್ಲ, ಬಟ್ಟಲು ತುಂಬಿ ಹೊರಗೆ ಚೆಲ್ಲುತ್ತದೆ. ಮಹೇಶ ಆ ಡಬ್ಬಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. "ಕೇಳಿಸ್ತಾ ಅಜ್ಜಿ? ಒಳಗೆ ತುಂಬಿದೆ."

ಗುಳು ಗುಳು ಅಂದಿತು. ಆ ಸದ್ದು ನಾನು ಮೊದಲು ಕೇಳಿದ್ದು ನಮ್ಮ ಅಪ್ಪನ ಮನೆಯ ಜಗಲಿಯಲ್ಲಿ, ಚಿಕ್ಕಪ್ಪನ ತೊಡೆಯ ಮೇಲೆ ಕೂತು. ನನ್ನ ಮೂಗು ಮರೆತದ್ದನ್ನು ಕಿವಿ ಇಟ್ಟುಕೊಂಡಿತ್ತು.

ನಮ್ಮ ಅಪ್ಪನ ಮನೆ ಈಗ ಇಲ್ಲ. ಊಟಿಯ ಕೆಳಗಿನ ಕೆತ್ತಿ ಕಣಿವೆಯ ಆಚೆ ಬದಿಯಲ್ಲಿತ್ತು, ಅಲ್ಲಿ ಈಗ ಬಾಡಿಗೆಗೆ ಕೊಡುವ ಕಾಟೇಜು ಎದ್ದಿದೆ, ಅದರ ಗೇಟಿನಲ್ಲಿ ನಾಯಿ ಕಟ್ಟಿರುತ್ತಾರೆ. ನಮ್ಮ ತಾತನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಆಲೂಗಡ್ಡೆ ಬೆಳೆಯಲು ಬಂದವರು ನಾವು. ಆಮೇಲೆ ಎಲ್ಲರಂತೆ ಟೀ ಗಿಡ ಇಟ್ಟೆವು. ಮನೆ ಉದ್ದಕ್ಕಿತ್ತು, ರೈಲಿನ ಡಬ್ಬಿಗಳ ಹಾಗೆ ಕೋಣೆಯ ಹಿಂದೆ ಕೋಣೆ. ಮೊದಲ ಕೋಣೆಗೆ ಕಾಲಿಟ್ಟರೆ ಬೀಜದ ಆಲೂಗಡ್ಡೆಯ ಮಣ್ಣಿನ ವಾಸನೆ, ನಡುವಿನದಕ್ಕೆ ನೀಲಗಿರಿ ಸೌದೆಯ ಹೊಗೆ, ಒಳಗಿನದಕ್ಕೆ ಅಜ್ಜಿಯ ಎಲೆಅಡಿಕೆ. ಅಜ್ಜಿ ಒಲೆಯ ಪಕ್ಕದಿಂದ ಎದ್ದದ್ದನ್ನು ನಾನು ನೋಡಿದ್ದು ಕಡಿಮೆ, ಆದರೆ ಅಲ್ಲಿಂದಲೇ ಇಡೀ ಮನೆಯನ್ನು ಆಳುತ್ತಿದ್ದಳು. ಅವ್ವನದು ಮಾತು ಕಮ್ಮಿ. ಅಪ್ಪ ಒಳ್ಳೆಯವನು, ಆದರೆ ತನ್ನ ತಾಯಿಯ ಎದುರು ಒಳ್ಳೆಯತನ ತೋರಿಸಲು ಬಾರದವನು. ಈಗ ಈ ಮೂವರೂ ಇಲ್ಲ. ಅವರ ಮೇಲೆ ಹೇಳುವುದು ಸುಲಭ, ತಿರುಗಿ ಹೇಳುವವರಿಲ್ಲವಲ್ಲ. ಅದಕ್ಕೇ ನೋಡಿ ನೋಡಿ ಬರೆಯುತ್ತಿದ್ದೇನೆ.

ಚಿಕ್ಕಪ್ಪ ಕೂನೂರಿನ ಒಂದು ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದ. ಬಸ್ಸಿಗೆ ಕಾಯುವುದು ಅವನ ಜಾಯಮಾನಕ್ಕೆ ಆಗದು. ಯಾವನೋ ಕಂಟ್ರಾಕ್ಟರನ ಹತ್ತಿರ ಹಳೇ ಮೋಟಾರ್ ಸೈಕಲ್ ತಂದ. ನಮ್ಮ ಹಟ್ಟಿಗೆ ಅದೇ ಮೊದಲ ಗಾಡಿ. ಚಳಿಗಾಲದ ಬೆಳಗ್ಗೆ ಅದನ್ನು ಎಬ್ಬಿಸುವುದೆಂದರೆ ಒಂದು ಪೂಜೆ. ಕಾರ್ಬೊರೇಟರಿನ ನೆತ್ತಿಯಲ್ಲಿ ಸಣ್ಣ ಗುಂಡಿಯೊಂದಿತ್ತು, ಅದನ್ನು ಒತ್ತಿ ಒತ್ತಿ ಪೆಟ್ರೋಲ್ ಉಕ್ಕಿ ತೊಟ್ಟಿಕ್ಕುವ ಹಾಗೆ ಮಾಡಬೇಕು. ತೊಟ್ಟಿಕ್ಕಿದರೆ ಗಾಡಿ ಸಿದ್ಧ. ಆಮೇಲೆ ಒದೆಯಬೇಕು. ಬಯಲು ಸೀಮೆಯವರಾಗಿದ್ದರೆ ಪೆಟ್ರೋಲ್ ಸೋರಿದ್ದು ನೋಡಿ ಗಾಬರಿಯಾಗುತ್ತಿದ್ದರೇನೋ. ನಮ್ಮ ಚಳಿಯಲ್ಲಿ ನಾವು ಕಲಿತದ್ದೇ ಉಲ್ಟಾ, ಸೋರಿದರೆ ಒಳ್ಳೆಯದು ಅಂತ. ಹಾಗಾಗಿ ಗುಂಡಿ ಒತ್ತದೆಯೇ ಅದು ತಾನಾಗಿ ಸೋರತೊಡಗಿದಾಗ ಯಾರೂ ಹೆದರಲಿಲ್ಲ. ಪೆಟ್ರೋಲಿನ ನಲ್ಲಿ ತಿರುಗಿಸಿ ಮುಚ್ಚಿದರೂ ನಿಲ್ಲುತ್ತಿರಲಿಲ್ಲ, ನಲ್ಲಿಯೊಳಗಿನ ಬಿರಡೆಯೂ ಸವೆದಿತ್ತು. ಚಿಕ್ಕಪ್ಪ ಕೆಳಗೊಂದು ತೆಂಗಿನ ಚಿಪ್ಪು ಇಟ್ಟ. ತುಂಬಿದ್ದನ್ನು ಬೆಳಗ್ಗೆ ಟ್ಯಾಂಕಿಗೆ ವಾಪಸ್ಸು ಸುರಿಯುತ್ತಿದ್ದ. ಅವ್ವ ಆ ಚಿಪ್ಪಿನಲ್ಲಿ ಬಟ್ಟೆ ಅದ್ದಿ ಅಪ್ಪನ ಪಂಚೆಯ ಜಿಡ್ಡಿನ ಕರೆ ತೆಗೆಯುತ್ತಿದ್ದಳು, ಅಜ್ಜಿ ಹಸಿ ಸೌದೆಗೆ ಒಂದೆರಡು ಹನಿ ಚಿಮುಕಿಸುತ್ತಿದ್ದಳು. ಉಪ್ಪು, ಎಣ್ಣೆಯ ಹಾಗೆ ಅದೂ ಮನೆಯ ಸಾಮಾನಾಯಿತು. ಮನೆಯ ಸಾಮಾನಿನ ವಾಸನೆ ಮನೆಯವರ ಮೂಗಿಗೆ ಎಲ್ಲಿ ಬರುತ್ತದೆ?

ಬರುತ್ತಿದ್ದದ್ದು ರಾಚಮ್ಮನಿಗೆ. ಅವಳೂ ನಮ್ಮ ಸೀಮೆಯಿಂದಲೇ ಕೂಲಿಗೆ ಬಂದವಳು, ಗಂಡ ಇರಲಿಲ್ಲ, ನನ್ನ ವಾರಿಗೆಯ ಮಗಳೊಬ್ಬಳು, ಕೆಂಪಿ. ನಮ್ಮ ತೋಟದ ಕೆಳಗಿನ ತಗಡಿನ ಮನೆಯಲ್ಲಿದ್ದರು. ನಾನು ನಡೆಯಲು ಕಲಿತದ್ದೇ ರಾಚಮ್ಮನ ಸೀರೆ ಹಿಡಿದು, ಟೀ ಸಾಲಿನ ನಡುವೆ. ಇಳಿಜಾರಿನಲ್ಲಿ ಜಾರಿ ಬೀಳದ ಹಾಗೆ ಒಂದು ಪಂಚೆಯಿಂದ ನನ್ನನ್ನೂ ಕೆಂಪಿಯನ್ನೂ ಒಂದೇ ಗಿಡಕ್ಕೆ ಕಟ್ಟಿ ಎಲೆ ಕೀಳುತ್ತಿದ್ದಳು. ಅವಳ ಎರಡು ಕೈ ಗಿಡದ ಮೇಲೆ ಕೋಳಿ ಕಾಳು ಹೆಕ್ಕಿದಂತೆ ಓಡುತ್ತಿದ್ದವು, ಬಾಯಿ ಬೇರೆ ಓಡುತ್ತಿತ್ತು. ದಿನವೂ ಕೆಂಡದಲ್ಲಿ ಸುಟ್ಟ ಆಲೂಗಡ್ಡೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಒಂದು ಕೆಂಪಿಗೆ, ಒಂದು ನನಗೆ. ಚಳಿಯಲ್ಲಿ ಅದನ್ನು ತಿನ್ನುವ ಮುಂಚೆ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆವು.

ಬೆಳಗ್ಗೆ ಬುಟ್ಟಿ ತೆಗೆದುಕೊಳ್ಳಲು ಬಂದಾಗ ಚಿಕ್ಕಪ್ಪನನ್ನು ಕೆಣಕದೆ ಹೋದವಳಲ್ಲ. ಅಪ್ಪ ಅವಳಿಗೆ ಬುದ್ದಿ, ಚಿಕ್ಕಪ್ಪ ಚಿಕ್‌ಬುದ್ದಿ, ಅಂದರೆ ಚಿಕ್ಕ ಧಣಿ.

"ಏನ್ ಚಿಕ್‌ಬುದ್ದಿ, ನಿಮ್ ಕುದ್ರ ಇವತ್ತೂ ಉಚ್ಚ ಉಯ್ಕಂಡದಲ್ಲಾ!"

"ಚಳಿಗೆ ಕಣೇ ರಾಚಮ್ಮ. ಅದಕ್ಕೂ ಜೀವ ಅಲ್ವಾ?"

"ಹಂಗಾದ್ರ ಅದುಕ್ಕೂ ಒಂದ್ ಕಂಬ್ಳಿ ಹೊದಸಿ. ಮನ ಎಲ್ಲಾ ಗಬ್ಬು ನಾರ್ತದ."

ಎಲ್ಲರೂ ನಗುತ್ತಿದ್ದೆವು. ನಾರ್ತದ ಅಂದದ್ದನ್ನೂ ತಮಾಷೆಗೇ ಸೇರಿಸಿಕೊಂಡೆವು.

ಸೋರುವುದು ಹೆಚ್ಚಾದಾಗ ಚಿಕ್ಕಪ್ಪ ಬಿಚ್ಚಿ ನೋಡಿದ. ಆಗಲೇ ನನ್ನ ಕಿವಿಯ ಹತ್ತಿರ ಡಬ್ಬಿಯನ್ನು ಅಲ್ಲಾಡಿಸಿದ್ದು. ತೂತು ಎಲ್ಲಿದೆ ಅಂತ ಬಿಸಿನೀರಿನಲ್ಲಿ ಅದ್ದಿ ಗುಳ್ಳೆ ಬರುವ ಜಾಗ ತೋರಿಸಿದ. ಅದಕ್ಕೆ ಬೆಸುಗೆ ಹಾಕಿಸಬೇಕು. ಅದೇ ಹೊತ್ತಿಗೆ ಸರಿಯಾಗಿ ಹಟ್ಟಿಗೆ ಪಾತ್ರೆಗೆ ಕಲಾಯಿ ಹಾಕುವವನು ಬಂದಿದ್ದ. ಕೂನೂರಿನ ಮೆಕ್ಯಾನಿಕ್ಕಿನ ಹತ್ತಿರ ಯಾಕೆ ಹೋಗಬೇಕು, ಇವನೂ ಹಿತ್ತಾಳೆಗೆ ಬೆಸುಗೆ ಹಾಕುವವನೇ ಅಲ್ಲವೇ ಅಂತ ಕೊಟ್ಟ. ಅವನು ಪಾಪ, ಬಿಂದಿಗೆಗೆ ಹಾಕುವ ಹಾಗೆ ಧಾರಾಳವಾಗಿ ಹಾಕಿದ, ಮತ್ತೆ ಎಂದೂ ಸೋರಬಾರದು ಅಂತ. ತೂತು ಮುಚ್ಚಿತು. ಡಬ್ಬಿ ಭಾರವಾಯಿತು. ಭಾರವಾದದ್ದು ತೇಲುತ್ತದೆಯೇ? ಮೊದಲು ತೊಟ್ಟಿಕ್ಕುತ್ತಿದ್ದದ್ದು ಈಗ ದಾರವಾಗಿ ಇಳಿಯತೊಡಗಿತು. ಚಿಕ್ಕಪ್ಪ ಚಿಪ್ಪು ತೆಗೆದು ಅಗಲವಾದ ಬೋಗುಣಿ ಇಟ್ಟ.

ಅದು ಮಂಜು ಬೀಳುವ ಕಾಲ. ಬೆಳಗಾದರೆ ಹುಲ್ಲಿನ ಮೇಲೆ ಉಪ್ಪು ಎರಚಿದಂತೆ ಬೆಳ್ಳಗೆ, ಬಿಸಿಲು ಬಿದ್ದರೆ ಟೀ ಗಿಡ ಬೆಂಕಿ ತಗುಲಿದ ಹಾಗೆ ಕರ್ರಗೆ. ಎಲೆ ಸಿಗುವುದೇ ಕಷ್ಟ, ಫ್ಯಾಕ್ಟರಿಯ ಲಾರಿಯೂ ದಿನಾ ಬರುತ್ತಿರಲಿಲ್ಲ. ಸಿಕ್ಕಷ್ಟು ಎಲೆಯನ್ನು ಶೆಡ್ಡಿನಲ್ಲಿ ಹರಡಿ ಕಾಪಾಡಬೇಕು. ಗಾಡಿಗೂ ಚಳಿ ತಾಗಬಾರದು ಅಂತ ಚಿಕ್ಕಪ್ಪ ಅದನ್ನೂ ಶೆಡ್ಡಿಗೇ ನೂಕಿ, ಬಾಗಿಲು ಮುಚ್ಚಿ, ಸಂದಿಗೆಲ್ಲ ಗೋಣಿ ತುರುಕಿದ. ರಾಚಮ್ಮ ಹೇಳಿದ ಹಾಗೇ ಕಂಬಳಿ ಹೊದಿಸಿದ. ಟೀ ಎಲೆಯ ಗುಣ ಟೀ ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಈರುಳ್ಳಿ ಇಟ್ಟರೆ ಈರುಳ್ಳಿ, ಸಾಬೂನು ಇಟ್ಟರೆ ಸಾಬೂನು, ಏನಿದ್ದರೂ ಎಳೆದುಕೊಳ್ಳುತ್ತದೆ. ಅಪ್ಪ ಶೆಡ್ಡಿನಲ್ಲಿ ಬೀಡಿ ಹಚ್ಚಲೂ ಬಿಡುತ್ತಿರಲಿಲ್ಲ. ಅಷ್ಟು ಎಚ್ಚರದ ಮನುಷ್ಯ ಪೆಟ್ರೋಲ್ ಬೋಗುಣಿಯನ್ನು ದಾಟಿಕೊಂಡು ಹೋಗಿ ಎಲೆ ಕೆದರುತ್ತಿದ್ದ.

ಲಾರಿ ಬಂದ ದಿನ ತೂಕದವನು ಚೀಲದೊಳಕ್ಕೆ ಮೊಳಕೈವರೆಗೆ ಕೈ ಹಾಕಿ, ಒಂದು ಹಿಡಿ ಎಲೆ ತೆಗೆದು ಮೂಸಿ, ಮುಖ ಹಿಂಡಿದ. ಅವನು ತಮಿಳಿನವನು, ನಮ್ಮ ಜೊತೆ ಮಾತ್ರ ಅರೆಬರೆ ಕನ್ನಡ.

"ಎನ್ನ ಗೌಡ್ರೇ ಇದು? ಲೀಫ್ ಫುಲ್ಲಾ ಎಣ್ಣೆ ನಾತ! ಇದು ಒಂದು ಚೀಲ ಒಳಗೆ ಹೋದ್ರೆ ಎಲ್ಲರ್ದೂ ಹೋಯ್ತು. ಬೇಡ, ಎತ್ಕೊಂಡು ಹೋಗಿ."

ಸುತ್ತ ಊರಿನವರೆಲ್ಲ ಚೀಲ ಇಟ್ಟುಕೊಂಡು ನಿಂತಿದ್ದರು. ಅವರ ಎದುರು ಅಪ್ಪ ಚೀಲಗಳನ್ನು ತಲೆಯ ಮೇಲೆ ವಾಪಸ್ಸು ಹೊತ್ತು ತಂದ. ಅಂಗಳಕ್ಕೆ ಎಸೆದ. ಎಲ್ಲರೂ ಎಲೆ ಮೂಸಿದೆವು, ಯಾರಿಗೂ ಏನೂ ಸಿಗಲಿಲ್ಲ. ಎಣ್ಣೆ ಎಲ್ಲಿಂದ ಬಂತು ಅಂತ ಹುಡುಕುವಾಗ ಅಜ್ಜಿ ಒಳಗಿನಿಂದಲೇ ಅಂದಳು: "ಎಣ್ಣೆ ತಿಕ್ಕೊಳ್ಳೋಳು ಮನೇಲಿ ಯಾರಿದ್ದಾರೆ, ನೋಡ್ರಪ್ಪ."

ರಾಚಮ್ಮನಿಗೆ ಮಂಡಿ ನೋವು. ಸೀಮೆಎಣ್ಣೆಗೆ ಕರ್ಪೂರ ಹಾಕಿ ಮಂಡಿಗೆ ತಿಕ್ಕಿಕೊಳ್ಳುತ್ತಿದ್ದಳು. ಅದು ನಮ್ಮ ಮನೆಯ ವಾಸನೆಯಲ್ಲ, ಅದಕ್ಕೇ ನಮ್ಮ ಮೂಗಿಗೆ ಸಲೀಸಾಗಿ ಸಿಕ್ಕಿತು. ಅಪ್ಪ ಅವಳನ್ನು ಕೇಳಿದ. ಅವಳು ಬುಟ್ಟಿ ಇಳಿಸಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ನಾ ಹಚ್ಚಿರದು ನನ್ ಮಂಡಿಗ ಬುದ್ದಿ, ಎಲೆ ಕೀಳದು ಕಯ್ಲಿ. ಮಂಡಿಲಿ ಕಿತ್ತನಾ? ನಾರ್ತಿರದು ನಿಮ್ ಸೆಡ್ಡು. ನಿಮ್ ಮನನೇ ನಾರ್ತದ. ನಿಮ್ಗ ಗೊತ್ತಾಯ್ತಿಲ್ಲ, ಅಷ್ಟಿಯಾ."

ಅವಳು ಸರಿಯಾಗಿ ಹೇಳಿದ್ದಳು. ಆದರೆ ಅಂಗಳದಲ್ಲಿ ನಿಂತು ಮನೆ ನಾರ್ತದ ಅಂದದ್ದು ಅಜ್ಜಿಗೆ ಬೇರೆ ಥರ ಕೇಳಿಸಿತು. "ಕೂಲಿಯೋಳು ಬಾಗಿಲಲ್ಲಿ ನಿಂತು ನಮ್ಮ ಮನೆ ನಾರ್ತದೆ ಅಂತಾಳೆ, ನೀನು ಕೇಳ್ಕೊಂಡು ನಿಂತಿದ್ದೀಯ" ಅಂದಳು ಅಪ್ಪನಿಗೆ. ಅಪ್ಪ ನೆಲ ನೋಡಿಕೊಂಡು, "ನಾಳೆಯಿಂದ ಬರಬೇಡ ರಾಚಮ್ಮ" ಅಂದ. ಚಿಕ್ಕಪ್ಪ ಅಲ್ಲೇ ಬಟ್ಟೆ ಹಿಡಿದು ಗಾಡಿ ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಒರೆಸುತ್ತಿದ್ದ.

ರಾಚಮ್ಮ ಅಳಲಿಲ್ಲ. ಬುಟ್ಟಿಯ ಹಗ್ಗ ಸುತ್ತಿಟ್ಟು, ಮಡಿಲಿನಿಂದ ಸುಟ್ಟ ಆಲೂಗಡ್ಡೆ ತೆಗೆದು ಜಗಲಿಯ ಮೇಲೆ ನನ್ನ ಪಕ್ಕ ಇಟ್ಟು ಹೋದಳು. ಇನ್ನೂ ಬಿಸಿಯಿತ್ತು. "ಎಣ್ಣೆ ಕೈಯಿಂದ ಮುಟ್ಟಿದ್ದು, ತಿನ್ನಬೇಡ" ಅಂದಳು ಅಜ್ಜಿ. ಅವ್ವ ಅದನ್ನು ಕೋಳಿಗೆ ಹಾಕಿದಳು. ಕೋಳಿಗಳು ಜಗಳ ಮಾಡಿಕೊಂಡು ತಿಂದವು.

ಇನ್ನೊಂದು ಮಾತು. ರಾಚಮ್ಮ ಹೋದ ವಾರವೇ ಚಿಕ್ಕಪ್ಪ ಗಾಡಿಯನ್ನು ಕೂನೂರಿಗೆ ಒಯ್ದು, ಹೊಸ ಡಬ್ಬಿ, ಹೊಸ ಸೂಜಿ, ನಲ್ಲಿಗೆ ಹೊಸ ಬಿರಡೆ ಹಾಕಿಸಿಕೊಂಡು ಬಂದ. ಸೋರುವುದು ನಿಂತಿತು. ಮುಂದಿನ ಲಾರಿಗೆ ಎಲೆ ಹೋಯಿತು, ತೂಕದವನು ಮೂಸಿ ತಲೆಯಾಡಿಸಿದ. ಮನೆಯಲ್ಲಿ ಎಲ್ಲರೂ ಏನಂದುಕೊಂಡೆವು ಹೇಳಿ. ನೋಡು, ರಾಚಮ್ಮ ಹೋದಳು, ವಾಸನೆಯೂ ಹೋಯಿತು ಅಂತ. ಅಜ್ಜಿ ಸಾಯುವವರೆಗೂ ಇದನ್ನೇ ಹೇಳಿದಳು. ಚಿಕ್ಕಪ್ಪ ಮಾತ್ರ ಆ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಮಳೆ ಬಂದರೂ ಗಾಡಿಯನ್ನು ಮತ್ತೆ ಶೆಡ್ಡಿಗೆ ನೂಕಲಿಲ್ಲ, ಒಂದು ವರ್ಷದೊಳಗೆ ಮಾರಿಬಿಟ್ಟ. ಅವನಿಗೆ ತಿಳಿದಿತ್ತು ಅಂತ ಈಗ ನನಗೆ ಅನ್ನಿಸುತ್ತದೆ. ಕೇಳೋಣವೆಂದರೆ ಅವನೂ ಇಲ್ಲ.

ಸಣ್ಣ ಊರು. ಲಾರಿಯ ಹತ್ತಿರ ಆದ ಮಾತು ಎಲ್ಲ ತೋಟಕ್ಕೂ ತಲುಪಿತು. ಎಣ್ಣೆ ರಾಚಮ್ಮ ಅಂತ ಹೆಸರು ಬಿತ್ತು. ಆ ಹೆಸರಿನ ಹೆಂಗಸನ್ನು ಟೀ ಗಿಡದ ಹತ್ತಿರ ಯಾರು ಸೇರಿಸುತ್ತಾರೆ? ಅವಳು ಕೆಳಗೆ ಹಳ್ಳದಲ್ಲಿ ಕ್ಯಾರೆಟ್ ತೊಳೆಯುವ ಕೆಲಸಕ್ಕೆ ಹೋದಳು. ಆ ನೀರಿಗೆ ಬೆಳಗ್ಗೆ ಕೈ ಇಟ್ಟರೆ ಮೂಳೆ ನೋಯುತ್ತದೆ. ನೋವಿದ್ದ ಮಂಡಿಯವರೆಗೆ ನೀರಿನಲ್ಲಿ ನಿಂತು ಬದುಕಿದಳು, ಸತ್ತಳು. ನಾನು ಮದುವೆಯಾಗಿ ಕಣಿವೆಯ ಈಚೆ ಬಂದೆ. ಕೆಂಪಿಯನ್ನೂ ಈಚೆ ಬದಿಗೇ ಕೊಟ್ಟರು, ನಮ್ಮ ಮನೆಯಿಂದ ಎರಡು ತಿರುವು ಕೆಳಗೆ ಇದ್ದಾಳೆ. ಅವ್ವನಿಗೆ ಬಿದ್ದ ಹೆಸರು ಅವಳ ಹಿಂದೆಯೇ ಬಂತು, ಅವಳ ಮನೆಗೆ ಊರವರು ಎಣ್ಣೆ ಮನೆ ಅನ್ನುತ್ತಾರೆ. ಯಾಕೆ ಅಂತ ಈಗಿನವರಿಗೆ ಗೊತ್ತಿಲ್ಲ, ಹಿಂದೆ ಎಣ್ಣೆ ವ್ಯಾಪಾರ ಇದ್ದಿರಬೇಕು ಅಂದುಕೊಂಡಿದ್ದಾರೆ. ಕವಿತಾ ಬರುವ ಹಿಂದಿನ ವಾರ ಕೂಡ ನಾನೇ ಮಹೇಶನಿಗೆ, "ಎಣ್ಣೆ ಮನೆಯ ತಿರುವಲ್ಲಿ ಗಾಡಿ ನಿಧಾನ ಓಡಿಸು" ಅಂತ ಹೇಳಿದ್ದೆ.

ಅವತ್ತು ಸಂಜೆಯ ಹೊತ್ತಿಗೆ ಮಹೇಶ ಊಟಿಯಿಂದ ಹೊಸ ಡಬ್ಬಿ ತಂದು ಕೂಡಿಸಿದ. ಬೆಸುಗೆ ಹಾಕಿಸಲು ನಾನು ಬಿಡಲಿಲ್ಲ. ಮಗ್ಗನ್ನು ಎಸೆದೆ, ಓಣಿಗೆ ಸೋಪಿನ ನೀರು ಹಾಕಿ ತಿಕ್ಕಿದೆ. ಶೆಡ್ಡಿನಲ್ಲಿ ಎಲೆ ಚೀಲಗಳಿದ್ದವು, ಮರುದಿನ ಲಾರಿಗೆ ಕೊಡಬೇಕಾದವು. ಕವಿತಾ ಸಾಕು ಸಾಕೆಂದು, ಕರೆದೊಯ್ಯಲು ಬಂದ ಗಂಡನ ಜೊತೆ ಹೊರಟುಹೋದಳು. ಮಹೇಶ ಚೀಲ ಮೂಸಿ, "ಏನೂ ಇಲ್ಲ ಅಜ್ಜಿ, ಚೆನ್ನಾಗಿದೆ" ಅಂದ. ನಾನೂ ಮೂಸಿದೆ. ಚೆನ್ನಾಗಿತ್ತು. ಅಪ್ಪನಿಗೂ ಹೀಗೇ ಚೆನ್ನಾಗಿತ್ತು.

ಮರುದಿನ ಬೆಳಗ್ಗೆ ಲಾರಿ ಬರುವ ಮುಂಚೆ ನಾನು ಶಾಲು ಹೊದ್ದು ಕೆಂಪಿಯ ಮನೆಗೆ ಇಳಿದೆ. ಅವಳು ಬಾಗಿಲಿಗೆ ನೀರು ಹಾಕುತ್ತಿದ್ದಳು.

"ಏನ್ ಚೆನ್ನಕ್ಕ, ಇಷ್ಟೊತ್ಗೇ?"

ನಿಂತುಕೊಂಡೇ ಹೇಳಿದೆ. ಗಾಡಿ ಸೋರಿದ್ದು, ಶೆಡ್ಡು, ಬೋಗುಣಿ, ಎಲ್ಲ. ನಿಮ್ಮವ್ವನದು ತಪ್ಪಿರಲಿಲ್ಲ ಕಣೇ, ನಮ್ಮದು ಅಂದೆ. ಅವಳು ಬಿಂದಿಗೆಯ ನೀರು ಪೂರಾ ಖಾಲಿಯಾಗುವವರೆಗೆ ಚೆಲ್ಲುತ್ತಲೇ ಇದ್ದಳು.

"ಅವ್ವ ಅವತ್ತೇ ಹೇಳಿದ್ಲಲ್ಲ, ನಿಮ್ ಅಂಗ್ಳದಲ್ಲೇ" ಅಂದಳು. "ನೀವೂ ಅಲ್ಲೇ ಕೂತಿದ್ರಿ."

ಹೌದು, ಕೂತಿದ್ದೆ. ಬಂದ ಕೆಲಸ ಹೇಳಿದೆ. "ಶೆಡ್ಡಲ್ಲಿ ಎಲೆ ಇದೆ. ನನ್ನ ಮೂಗಿಗೆ ತಿಳಿಯಲ್ಲ. ನೀನು ಬಂದು ಮೂಸು. ನೀನು ಬೇಡ ಅಂದ್ರೆ ಲಾರಿಗೆ ಹಾಕಲ್ಲ."

ಬರುವುದಿಲ್ಲ ಅಂದರೆ ಹಾಗೇ ತಿರುಗಿ ಹತ್ತಬೇಕಿತ್ತು. ಅವಳು ಬಿಂದಿಗೆ ಒಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಮುಂದೆ ಮುಂದೆ ಹತ್ತಿದಳು. ಶೆಡ್ಡಿನ ಬಾಗಿಲಲ್ಲಿ ನಿಂತಳು. ಒಳಗೆ ಬಾ ಅಂದೆ. ಬಂದು, ಚೀಲದೊಳಕ್ಕೆ ಮೊಳಕೈವರೆಗೆ ಕೈ ಹಾಕಿ, ಒಂದು ಹಿಡಿ ಎಲೆ ತೆಗೆದು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು.

"ಇನ್ನೂ ಅದ" ಅಂದಳು.

"ಎಲ್ಲಿದೆ? ಸುಮ್ಮನೆ ಹೇಳ್ತಿದ್ದಾರೆ" ಅಂತ ಮಹೇಶ ಹಿಂದಿನಿಂದ ಗೊಣಗಿದ. ಬಾಯಿ ಮುಚ್ಚು ಅಂದೆ.

ಮೇಲೆ ರಸ್ತೆಯಲ್ಲಿ ಲಾರಿ ಹಾರನ್ ಹೊಡೆಯಿತು, ಕಾಯಿತು, ಹೋಯಿತು. ನಾನು ಮೊದಲ ಚೀಲದ ಬಾಯಿ ಹಿಡಿದೆ, ಕೆಂಪಿ ತಳ ಹಿಡಿದಳು. ಹಿತ್ತಲಿನ ಇಳಿಜಾರಿಗೆ ಒಯ್ದು ಗಿಡಗಳ ಬುಡಕ್ಕೆ ಸುರಿದೆವು. ಆಮೇಲೆ ಎರಡನೆಯದಕ್ಕೆ ವಾಪಸ್ಸು ಬಂದೆವು.